ಮೂರು ಕೋಟಿ ಮೂವತ್ತು ಲಕ್ಷದ ಕರಾರು

ಹುಣಸೆ ತೋಪು ನೋಡಲು ನಲ್ಲೂರಿಗೆ ಬಂದವರು ಹೊರಡುವಾಗ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: ದೇವನಹಳ್ಳಿಯಲ್ಲಿ ಟಿಪ್ಪು ಹುಟ್ಟಿದ ಜಾಗ ಎಲ್ಲಿ ಬರುತ್ತೆ? ಕೋಟೆ ಹತ್ತಿರ ಹೋಗಿ ಯಾರನ್ನು ಕೇಳಿದರೂ ತೋರಿಸುತ್ತಾರೆ ಅನ್ನುತ್ತೇನೆ. 1750ರಲ್ಲಿ ಅವನು ಅಲ್ಲಿ ಹುಟ್ಟಿದ್ದು ಎಲ್ಲರಿಗೂ ಗೊತ್ತು. ಆದರೆ ಒತ್ತೆ ಇಟ್ಟಿದ್ದ ತನ್ನ ಇಬ್ಬರು ಗಂಡುಮಕ್ಕಳನ್ನು 1794ರ ಮಾರ್ಚ್‌ನಲ್ಲಿ ಅವನು ಬಿಡಿಸಿಕೊಂಡದ್ದೂ ಅದೇ ದೇವನಹಳ್ಳಿಯಲ್ಲಿ. ಮದರಾಸಿನಿಂದ ಕ್ಯಾಪ್ಟನ್ ಡವ್ಟನ್ ಎಂಬ ಅಧಿಕಾರಿ ಹುಡುಗರನ್ನು ಕರೆತಂದು ಒಪ್ಪಿಸಿದ. ಹುಟ್ಟಿನ ಸಂಗತಿಗಿಂತ ಇದೇ ದೊಡ್ಡದೆಂದು ನನಗೆ ಅನಿಸುತ್ತದೆ. ಸೋತವನ ಮೇಲೆ ಬಿಗಿಯಾದ ಷರತ್ತು ಹೇರಿದರೆ ಮುಂದಿನ ಯುದ್ಧ ತಪ್ಪುತ್ತದೆಯೋ, ಅದೇ ಯುದ್ಧವನ್ನು ಕರೆತರುತ್ತದೆಯೋ ಎಂಬ ಹಳೆಯ ವಾದಕ್ಕೆ ನಮ್ಮ ಸೀಮೆಯ ಸಾಕ್ಷಿ ಇದು.

ನಾನು ಕಂದಾಯ ಇಲಾಖೆಯಲ್ಲಿದ್ದು ನಿವೃತ್ತನಾದವನು. ಪಾಲುಪಟ್ಟಿ, ಕ್ರಯಪತ್ರ, ಬಾಕಿ ನೋಟೀಸು ಓದಿಯೇ ಆಯುಷ್ಯ ಸವೆಸಿದ್ದೇನೆ. 1792ರ ಮಾರ್ಚ್ 18ರ ಶ್ರೀರಂಗಪಟ್ಟಣದ ಒಪ್ಪಂದವನ್ನೂ ಅದೇ ಕಣ್ಣಿನಿಂದಲೇ ಓದಿದೆ. ಯುದ್ಧದಲ್ಲಿ ಸೋತ ಟಿಪ್ಪು ಈಸ್ಟ್ ಇಂಡಿಯಾ ಕಂಪನಿಗೂ ಅದರ ಮಿತ್ರರಿಗೂ ಅರ್ಧ ರಾಜ್ಯ ಬಿಟ್ಟುಕೊಡಬೇಕು. 3 ಕೋಟಿ 30 ಲಕ್ಷ ರೂಪಾಯಿ ಕೊಡಬೇಕು. ಅರ್ಧ ಕೂಡಲೇ, ಉಳಿದರ್ಧ ಮೂರು ಕಂತಿನಲ್ಲಿ, ಒಂದೊಂದು ಕಂತಿಗೂ ನಾಲ್ಕು ತಿಂಗಳು ಮೀರಬಾರದು. ಅಲ್ಲಿಯವರೆಗೆ ಮಕ್ಕಳು ಜಾಮೀನು. ಫೆಬ್ರವರಿ 26ರಂದೇ ಅಬ್ದುಲ್ ಖಾಲಿಕ್, ಮುಯಿಜುದ್ದೀನ್ ಇಬ್ಬರನ್ನೂ ಆನೆಯ ಮೇಲೆ ಕೂರಿಸಿ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಬಿಡಾರಕ್ಕೆ ಕಳಿಸಿದ್ದಾಗಿತ್ತು. ಹತ್ತರ ಆಸುಪಾಸಿನ ಮಕ್ಕಳು. ಕಾರ್ನ್‌ವಾಲಿಸ್ ಒಬ್ಬೊಬ್ಬನ ಕೈಗೂ ಒಂದೊಂದು ಚಿನ್ನದ ಗಡಿಯಾರ ಕೊಟ್ಟ. ಆ ದೃಶ್ಯ ಬರೆದು ಇಂಗ್ಲೆಂಡಿನ ಚಿತ್ರಕಾರರು ಹೆಸರು ಮಾಡಿಕೊಂಡರು.

ಅರ್ಧ ರಾಜ್ಯ ಎಂದರೆ ಅರ್ಧ ನೆಲ ಅಲ್ಲ. ಅಳೆದದ್ದು ಎಕರೆಯಲ್ಲಲ್ಲ, ಹುಟ್ಟುವಳಿಯಲ್ಲಿ. ಟಿಪ್ಪುವಿನ ವಕೀಲರು ತಂದಿಟ್ಟ ಕಂದಾಯದ ಲೆಕ್ಕವನ್ನು ತಿದ್ದಿ ಜಗ್ಗಾಡಿ, ಕಂಪನಿ, ನಿಜಾಮ, ಮರಾಠರು ತಲಾ ಸುಮಾರು 13 ಲಕ್ಷ ಪಗೋಡ ಹುಟ್ಟುವಳಿಯ ಸೀಮೆ ಹಂಚಿಕೊಂಡರು. ಕಂಪನಿಗೆ ಮಲಬಾರು, ದಿಂಡಿಗಲ್ಲು, ಬಾರಾಮಹಲು, ಸೇಲಂ ಹೋದವು. ಆ ಬಾರಾಮಹಲಿನಲ್ಲೇ ಅಲೆಗ್ಸಾಂಡರ್ ರೀಡ್, ಥಾಮಸ್ ಮನ್ರೋ ಹೊಲಹೊಲಕ್ಕೂ ಕಂದಾಯ ಕಟ್ಟಿ ರೈತವಾರಿಗೆ ದಾರಿ ಮಾಡಿದರು. ನಮ್ಮ ಇಲಾಖೆಯ ವಂಶವೃಕ್ಷದ ಒಂದು ಬೇರು ಈ ಒಪ್ಪಂದದಲ್ಲೇ ಇದೆ ಎನ್ನಬೇಕು.

ಜಗಳ ಹತ್ತಿದ್ದು ಚಕ್ಕುಬಂದಿಯಲ್ಲಿ. ಆಯಾ ಮಿತ್ರಪಕ್ಷದ ಗಡಿಗೆ ಹೊಂದಿಕೊಂಡ ಸೀಮೆಯನ್ನು ಬಿಟ್ಟುಕೊಡತಕ್ಕದ್ದು ಎಂದು ಫೆಬ್ರವರಿಯ ಕರಡಿನಲ್ಲಿತ್ತು. ಪಟ್ಟಿ ಬಂದಾಗ ಅದರಲ್ಲಿ ಕೊಡಗು ಇತ್ತು. ಕೊಡಗು ಕಂಪನಿಯ ಯಾವ ಗಡಿಗೆ ತಾಗಿದೆ ಎಂದು ಟಿಪ್ಪು ಸಿಡಿದ. ಅದು ತನ್ನ ರಾಜಧಾನಿಯ ಬಾಗಿಲು ಎಂದು ಅವನಿಗೆ ಗೊತ್ತಿತ್ತು. ಅಷ್ಟು ಹೊತ್ತಿಗೆ ಒಂದು ಕೋಟಿಗೂ ಮೀರಿ ಹಣ ಕೈಬಿಟ್ಟಿತ್ತು, ಮಕ್ಕಳು ಅತ್ತ ಇದ್ದರು. ಕಾರ್ನ್‌ವಾಲಿಸ್ ಮತ್ತೆ ಮುತ್ತಿಗೆಗೆ ಅಣಿಮಾಡಿದ. ಹುಡುಗರ ಕಾವಲಿನವರ ಆಯುಧ ಕಸಿದು, ಹುಡುಗರನ್ನು ಬೆಂಗಳೂರಿನ ಕಡೆಗೆ ಹೊರಡಿಸಿದ. ಟಿಪ್ಪು ರುಜು ಹಾಕಿದ. ಜಾಮೀನು ಹಿಡಿದುಕೊಂಡ ಮೇಲೆ ಷೆಡ್ಯೂಲು ತಿದ್ದುವ ಈ ಚಾಳಿಯನ್ನು ನಾನು ಬೇರೆ ಕಾಗದಗಳಲ್ಲೂ ಕಂಡಿದ್ದೇನೆ.

ದುಡ್ಡು ಯಾರು ಕೊಟ್ಟರು? ಮುಂದೆ ಮೈಸೂರಿಗೆ ರೆಸಿಡೆಂಟಾಗಿ ಬಂದು ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ ಹೇಳುವ ಲೆಕ್ಕ ಇದು: ಖಜಾನೆಯಿಂದ 1 ಕೋಟಿ 10 ಲಕ್ಷ, ಸೈನ್ಯದವರಿಂದ ನಜರಾಣೆಯಾಗಿ 60 ಲಕ್ಷ, ಉಳಿದ 1 ಕೋಟಿ 60 ಲಕ್ಷ ಅಮಲ್ದಾರರಿಂದ, ಜನರಿಂದ. ಅಮಲ್ದಾರ ತನ್ನ ಪಾಲನ್ನು ಎಲ್ಲಿಂದ ತಂದಾನು ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಅದಕ್ಕೆ ಒಂದೇ ವರ್ಷದ ಹಿಂದೆ, 1791ರಲ್ಲಿ, ಕಾರ್ನ್‌ವಾಲಿಸನ ದಂಡು ಮೊಗಲಿ ಘಾಟ್ ಹತ್ತಿ ಕೋಲಾರ, ಹೊಸಕೋಟೆ ದಾಟಿ ಬೆಂಗಳೂರು ಹಿಡಿದು, ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಬಂದಿತ್ತು. ಅಕ್ಟೋಬರಿನಲ್ಲಿ ನಂದಿಬೆಟ್ಟದ ಕೋಟೆಯೂ ಬಿತ್ತು. ದಂಡು ತುಳಿದ ಹೊಲದವರೇ ದಂಡವನ್ನೂ ತೆರಬೇಕಾಯಿತು. ಒಂದು ವರ್ಷದ ಕರಾರು. ಮಕ್ಕಳು ತಿರುಗಿ ಬಂದದ್ದು ಎರಡು ವರ್ಷಕ್ಕೆ.

ಇಷ್ಟು ಕಟುವಾದ ಒಪ್ಪಂದವೇ 1799ರ ಯುದ್ಧಕ್ಕೆ ಕಾರಣವೆಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಅವಮಾನ, ಸೇಡು, ಫ್ರೆಂಚರ ಸ್ನೇಹ, ಯುದ್ಧ: ಸರಪಳಿ ಚೆನ್ನಾಗಿಯೇ ಕೂರುತ್ತದೆ. ಆದರೆ ತಾರೀಖುಗಳನ್ನು ಸಾಲಾಗಿ ಬರೆದುಕೊಂಡರೆ ತಕರಾರು ಏಳುತ್ತದೆ. 1769ರಲ್ಲಿ ಹೈದರಾಲಿ ಮದರಾಸಿನ ಬಾಗಿಲಿಗೇ ಹೋಗಿ ಮಾಡಿಕೊಂಡ ಒಪ್ಪಂದದಲ್ಲಿ ಯಾರಿಗೂ ನೋವಿರಲಿಲ್ಲ. ಗೆದ್ದದ್ದನ್ನು ಪರಸ್ಪರ ವಾಪಸು ಮಾಡುವುದು, ಕಷ್ಟಕಾಲಕ್ಕೆ ನೆರವಾಗುವುದು. ಮರಾಠರು ಏರಿಬಂದಾಗ ಕಂಪನಿ ಕೈಕಟ್ಟಿ ಕೂತಿತು. 1780ಕ್ಕೆ ಯುದ್ಧ. 1784ರ ಮಂಗಳೂರು ಒಪ್ಪಂದವೂ ಹಾಗೆಯೇ, ಅವರವರ ನೆಲ ಅವರವರಿಗೆ. ಆರು ವರ್ಷ ತುಂಬುವ ಮೊದಲೇ, 1789ರ ಡಿಸೆಂಬರಿನಲ್ಲಿ, ಟಿಪ್ಪು ತಿರುವಾಂಕೂರಿನ ಗಡಿಗೋಡೆಯ ಮೇಲೆ ಬಿದ್ದ. ಆಗ ಅವನಿಗೆ ಯಾರೂ ಅವಮಾನ ಮಾಡಿರಲಿಲ್ಲ. ಒಪ್ಪಂದದಿಂದ ಮುಖಭಂಗವಾಗಿದ್ದದ್ದು ಇಂಗ್ಲಿಷರಿಗೆ. ಎರಡು ಮೆತ್ತನೆಯ ಕರಾರು ಹನ್ನೊಂದು ವರ್ಷ, ಆರಕ್ಕೆ ಒಂದಿಷ್ಟು ಕಮ್ಮಿ ಬಾಳಿದವು; ಕಟುವಾದದ್ದು ಏಳು ವರ್ಷ. ಈ ಲೆಕ್ಕದಿಂದ ಎರಡೂ ಕಡೆಯ ವಾದಿಗಳಿಗೆ ಏನೂ ಗಿಟ್ಟುವುದಿಲ್ಲ.

1792 ಮಾಡಿದ ಕೆಲಸವೇ ಬೇರೆ. ಮುಂದಿನ ಯುದ್ಧ ಆಗುವುದೋ ಬಿಡುವುದೋ ಎಂಬುದನ್ನಲ್ಲ, ಆದರೆ ಅದನ್ನು ಯಾರು ಗೆಲ್ಲುವರು ಎಂಬುದನ್ನು ಅದು ಮೊದಲೇ ಬರೆದಿಟ್ಟಿತು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣ ಕಣ್ಣಿಗೆ ಕಾಣುವಷ್ಟು ಹತ್ತಿರ ಹೋಗಿಯೂ ಹಿಂದಿರುಗಿದ್ದ. ಟಿಪ್ಪು ದಾರಿಯ ಮೇವು ಸುಟ್ಟಿದ್ದ, ಎತ್ತುಗಳು ಸಾವಿರಗಟ್ಟಲೆ ಸತ್ತವು, ಎಳೆಯುವ ಎತ್ತಿಲ್ಲದೆ ಮುತ್ತಿಗೆಯ ತೋಪುಗಳನ್ನು ಅಲ್ಲೇ ಒಡೆದುಹಾಕಿ ಬೆಂಗಳೂರಿಗೆ ಬಂದ. 1799ರಲ್ಲಿ ಜನರಲ್ ಹ್ಯಾರಿಸನಿಗೆ ಆ ಪಾಡಿಲ್ಲ. ಬಾರಾಮಹಲು ಕಂಪನಿಯದೇ, ರಾಯಕೋಟೆಯಿಂದ ಸೀದಾ ಹೊರಟ. ಬೊಂಬಾಯಿ ಸೈನ್ಯ ಕಣ್ಣೂರಿನಿಂದ ಕೊಡಗು ಹತ್ತಿ ಬಂತು, ಅದೇ ತಕರಾರಿನ ಕೊಡಗು. ಮಾರ್ಚ್ ಮೊದಲ ವಾರ ಗಡಿ ದಾಟಿದ ಹ್ಯಾರಿಸ್ ಮೇ 4ಕ್ಕೆ ಕೋಟೆ ಒಳಗಿದ್ದ. ಟಿಪ್ಪು ಸತ್ತ.

ಸೇಡಿನ ವಿಷಯಕ್ಕೆ ಬಂದರೆ, ಟಿಪ್ಪುವಿಗೆ ಅದು ಇರಲಿಲ್ಲವೆಂದು ನಾನು ಹೇಳಲಾರೆ. ಮಾರಿಷಸ್‌ಗೆ ದೂತರನ್ನು ಕಳಿಸಿದ, ಕಾಬೂಲಿಗೂ ಬರೆದ. 1798ರ ಜನವರಿಯಲ್ಲಿ ಮಾರಿಷಸ್ಸಿನ ಗವರ್ನರ್ ಮಲಾರ್ತಿಕ್ ಬಹಿರಂಗ ಘೋಷಣೆ ಹೊರಡಿಸಿ ಗುಟ್ಟು ಬಯಲುಮಾಡಿದ. ಮಂಗಳೂರಿಗೆ ಬಂದಿಳಿದ ಫ್ರೆಂಚ್ ಸ್ವಯಂಸೇವಕರು ನೂರು ಜನವೂ ಇರಲಿಲ್ಲ. ಅಷ್ಟಕ್ಕೆ ಗವರ್ನರ್ ಜನರಲ್ ವೆಲ್ಲೆಸ್ಲಿ ದೊಡ್ಡ ದಂಡು ಕಟ್ಟಿದ. ಆ ಯುದ್ಧ ಬೇಕಾಗಿದ್ದದ್ದು ಸೋತವನಿಗಿಂತ ಗೆದ್ದವರಿಗೆ ಎಂಬುದು ನನ್ನ ತೀರ್ಮಾನ. ನೆಪೋಲಿಯನ್ ಈಜಿಪ್ಟಿಗೆ ಬಂದದ್ದು ಅವರಿಗೆ ಒಳ್ಳೆಯ ನೆಪವಾಯಿತು.

1919ರ ವರ್ಸೈಲ್ಸ್ ಒಪ್ಪಂದದ ಹೆಸರು ಇಲ್ಲಿ ಬಂದೇ ಬರುತ್ತದೆ. ಜರ್ಮನಿಯ ಮೇಲೆ 1921ರಲ್ಲಿ 13,200 ಕೋಟಿ ಚಿನ್ನದ ಮಾರ್ಕ್ ಹೊರಿಸಿದರು. ಕಲ್ಲಿದ್ದಲು, ಕಾರ್ಖಾನೆ, ಜನ ಬಹುಪಾಲು ಅವರಲ್ಲೇ ಉಳಿದವು. ಇಪ್ಪತ್ತು ವರ್ಷಕ್ಕೆ ಅವರೇ ಏರಿಬಂದರು. 1871ರಲ್ಲಿ ಅದೇ ಜರ್ಮನರು ಫ್ರಾನ್ಸಿನಿಂದ 500 ಕೋಟಿ ಫ್ರಾಂಕ್ ಕೇಳಿದ್ದರು, ಫ್ರೆಂಚರು 1873ರ ಹೊತ್ತಿಗೇ ತೀರಿಸಿ ಕೈತೊಳೆದುಕೊಂಡರು. ನೆಲ ಹೋದ ಸಿಟ್ಟು ಮಾತ್ರ 1914ರವರೆಗೂ ತೀರಲಿಲ್ಲ. ಮೈಸೂರಿನಲ್ಲಿ ನೆಲವೂ ಹೋಗಿತ್ತು, ಹಣವೂ ಹೋಗಿತ್ತು. ಸಿಟ್ಟೊಂದೇ ಉಳಿದಿದ್ದು, ಅದಕ್ಕೆ ಎತ್ತು ಕಟ್ಟುವ ದಾರಿಯೂ ಇರಲಿಲ್ಲ.

ಯುದ್ಧವನ್ನು ನಿಜವಾಗಿ ನಿಲ್ಲಿಸಿದ್ದು 1799ರ ಜುಲೈ 8ರ ಕರಾರು. ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಆದದ್ದು. ರಾಜ್ಯದ ರಕ್ಷಣೆಗೆ ಕಂಪನಿಯ ಸೈನ್ಯ. ಅದರ ಖರ್ಚಿಗೆ ವರ್ಷಕ್ಕೆ 7 ಲಕ್ಷ ಪಗೋಡ, ಅಂದರೆ 24.5 ಲಕ್ಷ ರೂಪಾಯಿ. ಹಣಕ್ಕೆ ತೊಂದರೆ ಬರುವಂತೆ ಕಂಡರೆ ಆಡಳಿತ ಕೈಗೆ ತೆಗೆದುಕೊಳ್ಳುವ ಹಕ್ಕೂ ಕಂಪನಿಗೆ. ಆಮೇಲೆ ಮೈಸೂರು ಯಾರ ಮೇಲೂ ತನ್ನಷ್ಟಕ್ಕೆ ಯುದ್ಧಕ್ಕೆ ಹೋಗಲಿಲ್ಲ. ಹೊರಗಿನ ಯುದ್ಧ ನಿಂತು ಒಳಗೆ ಹೊತ್ತಿಕೊಂಡಿತು: ಇಷ್ಟು ವಸೂಲಿ ತಂದೇ ತರುತ್ತೇನೆಂದು ಅಮಲ್ದಾರರಿಂದ ಷರ್ತು ಬರೆಸಿಕೊಳ್ಳುವ ಪದ್ಧತಿ ರೈತರನ್ನು ಹಿಂಡಿ, 1830ರಲ್ಲಿ ನಗರ ಸೀಮೆ ದಂಗೆ ಎದ್ದಿತು. 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಆ ಹಳೆಯ ಕಲಮಿನ ಬಲದಲ್ಲೇ ರಾಜ್ಯವನ್ನು ಕೈಗೆ ತೆಗೆದುಕೊಂಡ. ಐವತ್ತು ವರ್ಷದ ಮೇಲೆ, 1881ರಲ್ಲಿ, ಒಡೆಯರಿಗೆ ಹಿಂದಿರುಗಿಸುವಾಗ ಆ ವಾರ್ಷಿಕ ಹಣವನ್ನು 35 ಲಕ್ಷಕ್ಕೆ ಏರಿಸಿದರು, ಏರಿಸಿದ ಹಣಕ್ಕೆ ಮಾತ್ರ ಕೆಲವು ವರ್ಷ ವಾಯಿದೆ ಕೊಟ್ಟರು. ಅದು ಹಳೆಯ 24.5 ಲಕ್ಷಕ್ಕೆ ಇಳಿದದ್ದು 1928ರಲ್ಲಿ.