ಕೆಸರಿನಿಂದ ಕಸ್ತೂರಿಗೆ

ಅಮೆರಿಕದ ನ್ಯೂ ಇಂಗ್ಲೆಂಡ್ ಸೀಮೆಯಲ್ಲಿ ಹಳೆಯ ಕುಣಿತವೊಂದಿದೆ. ಹೆಸರು ‘ಮನಿ ಮಸ್ಕ್’. ಬಿಡಿಸಿ ಓದಿದರೆ ದುಡ್ಡು, ಕಸ್ತೂರಿ! ಆಡುವ ನುಡಿಯನ್ನೇ ಕಸ್ತೂರಿ ಎನ್ನುವ ನಮಗೆ ಕಿವಿ ನಿಮಿರುವುದು ಸಹಜ. ಆದರೆ ಈ ಹೆಸರಿಗೆ ಕಸ್ತೂರಿಯ ಸೋಂಕೂ ಇಲ್ಲ.

ಅದರ ಮೂಲ ಮೊನಿಮಸ್ಕ್, ಸ್ಕಾಟ್ಲೆಂಡಿನ ಅಬರ್ಡೀನ್‌ಶೈರ್‌ನಲ್ಲಿರುವ ಒಂದು ಹಳ್ಳಿ. ಗೇಲಿಕ್ ಭಾಷೆಯಲ್ಲಿ ಜೌಗು ನೆಲವನ್ನು ಸೂಚಿಸುವ ಮಾತಿನಿಂದ ಈ ಹೆಸರು ಬಂತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅಲ್ಲಿ ಹಿಂದೆ ಜಮೀನ್ದಾರನಾಗಿದ್ದವನು ಸರ್ ಆರ್ಚಿಬಾಲ್ಡ್ ಗ್ರಾಂಟ್. ಬಡವರಿಗೆ ಸಾಲ ಕೊಡಲೆಂದು ಹುಟ್ಟಿದ ಸಂಸ್ಥೆಯೊಂದರ ಹಣದ ಹಗರಣದಲ್ಲಿ ಸಿಕ್ಕಿ 1732ರಲ್ಲಿ ಪಾರ್ಲಿಮೆಂಟಿನಿಂದ ಹೊರಬಿದ್ದವನು. (ದುಡ್ಡಿನ ನಂಟು ಇಲ್ಲವೇ ಇಲ್ಲ ಎನ್ನಲೂ ಆಗದು, ನೋಡಿ.) ಆಮೇಲೆ ಊರಿನಲ್ಲಿ ಮರ ನೆಡಿಸುತ್ತ, ಹೊಲ ತಿದ್ದಿಸುತ್ತ ಒಳ್ಳೆಯ ಹೆಸರನ್ನೂ ಗಳಿಸಿದ.

1776ರ ಸುಮಾರಿಗೆ ಡೇನಿಯಲ್ ಡೌ ಎಂಬ ಸಂಗೀತಗಾರ ಪಿಟೀಲಿನ ಮಟ್ಟೊಂದನ್ನು ಅಚ್ಚು ಹಾಕಿಸಿ, ಅದಕ್ಕೆ ‘ಸರ್ ಆರ್ಚಿಬಾಲ್ಡ್ ಗ್ರಾಂಟ್ ಆಫ್ ಮೊನಿಮಸ್ಕ್ಸ್ ರೀಲ್’ ಎಂದು ಹೆಸರಿಟ್ಟ. ಧಣಿಗಳ ಹೆಸರಿಡುವುದು ಆಗಿನ ವಾಡಿಕೆ. ಇಷ್ಟುದ್ದದ ಹೆಸರು ಯಾರ ಬಾಯಲ್ಲಿ ನಿಂತೀತು? ಧಣಿ ಉದುರಿಹೋದ, ಊರು ಉಳಿಯಿತು.

ಪಿಟೀಲು ಎಂದೆ. ಸ್ಕಾಟ್ಲೆಂಡಿನ ಹಳ್ಳಿಗಾಡಿನ ವಾದಕರಿಗೂ ಅದು ವಯಲಿನ್ ಅಲ್ಲ, ಫಿಡಲ್. ನಮ್ಮ ಪಿಟೀಲು ಆ ಫಿಡಲ್‌ನ ಮಗುವೇ. ಚೌಡಯ್ಯನವರು ನಮಗೆ ಇಂದಿಗೂ ಪಿಟೀಲು ಚೌಡಯ್ಯ.

ಹೆಸರಲ್ಲಿ ರೀಲ್ ಎಂಬ ಓಟದ ಕುಣಿತದ ಜಾತಿಯಿದ್ದರೂ ಈ ಮಟ್ಟು ಸ್ಟ್ರಾತ್‌ಸ್ಪೇ ಎಂಬ ಜಾತಿಯದು. ಅದೂ ಒಂದು ಸ್ಥಳದ ಹೆಸರೇ: ಸ್ಪೇ ನದಿಯ ಅಗಲವಾದ ಕಣಿವೆ. ಇದರ ನಡಿಗೆ ಅರಿಯಬೇಕೆಂದರೆ ನಮ್ಮ ಛಂದಸ್ಸೇ ಸಾಕು. ಉಮಾ, ರಮಾ ಎಂದು ತಾಳ ಹಾಕುತ್ತ ಹೇಳಿ; ಪೆಟ್ಟು ಮೊದಲ ಲಘುವಿನ ಮೇಲೇ ಬೀಳಲಿ, ಗುರು ಹಿಂದಿನಿಂದ ಎಳೆದುಕೊಂಡು ಬರಲಿ. ಕೈ ತಡವರಿಸುತ್ತದಲ್ಲ? ಕಮಾನು ಹೀಗೆ ಚಿಟಕಿ ಹೊಡೆದಂತೆ ಕುಟುಕುವುದಕ್ಕೆ ‘ಸ್ಕಾಟ್ಸ್ ಸ್ನ್ಯಾಪ್’ ಎನ್ನುತ್ತಾರೆ.

ಅಟ್ಲಾಂಟಿಕ್ ದಾಟಿದ ಮೇಲೆ ಈ ಚಿಟಕಿ ಸವೆಯಿತು. ನ್ಯೂ ಇಂಗ್ಲೆಂಡಿನವರು ಮಟ್ಟನ್ನು ಬೀಸಾಗಿ, ಓಡುವ ರೀಲಾಗಿಸಿ ನುಡಿಸಿದರು. ತವರಿನಲ್ಲಿ ಎರಡೇ ಭಾಗವಿದ್ದ ಮಟ್ಟಿಗೆ ಮೂರನೆಯದೊಂದು ಅಂಟಿತು. ಎಂಟೆಂಟು ಆವರ್ತದ ಮೂರು ಭಾಗ, ಒಟ್ಟು 24. ಅಲ್ಲಿನ ಬೇರೆ ಕುಣಿತಗಳೆಲ್ಲ ಸಾಮಾನ್ಯವಾಗಿ 32ರ ಲೆಕ್ಕದವು. ಆ ಎಣಿಕೆ ರೂಢಿಯಾದ ಕಾಲು ಇಲ್ಲಿ ಎಡವುತ್ತದೆ. ಊರನ್ನೇ ಕಾಣದವರ ಬಾಯಲ್ಲಿ ಮೊನಿಮಸ್ಕ್ ಎಂಬ ಒಂದು ಪದ ‘ಮನಿ ಮಸ್ಕ್’ ಎಂದು ಎರಡಾಯಿತು. ಕೇಳಿದ್ದಕ್ಕೆ ಗೊತ್ತಿದ್ದ ಅರ್ಥ ತೊಡಿಸುವುದು ಜನರ ಹಳೆಯ ಚಾಳಿ. ಕ್ವಿಬೆಕ್‌ನ ವಾದಕರೂ ಈ ಮಟ್ಟನ್ನು ತಮ್ಮದಾಗಿಸಿಕೊಂಡರು. ಐರ್ಲೆಂಡಿನ ಡೊನಿಗಾಲ್‌ನಲ್ಲಿ ಇದು ‘ಹೈಲ್ಯಾಂಡ್’ ಎಂಬ ಜಾತಿಗೆ ಸೇರಿತು.

ಯಾವುದು ಮೂಲ, ಯಾವುದು ಕೆಟ್ಟ ಪಾಠ ಎಂದು ಜಗಳವಾಡುವ ಆಸೆ ನನಗಿಲ್ಲ. ಆದರೂ ನನ್ನ ಕಿವಿಗೆ ಕುಂಟುವ ಸ್ಕಾಟಿಷ್ ಪಾಠವೇ ರುಚಿ. ಓಡುವ ಪಾಠದಲ್ಲಿ ಆ ಕುಟುಕು ಇಲ್ಲ.

ಹೆಸರಿನ ಮಾತಿಗೆ ಮರಳಿದರೆ, ಜಮೈಕಾದಲ್ಲಿ ಆ ಸ್ಕಾಟಿಷ್ ಹಳ್ಳಿಯ ಹೆಸರಿನ ರಮ್ ಸಿಗುತ್ತದೆ. ಬಾಟಲಿಯ ಮೇಲೆ ದುಡ್ಡೂ ಇಲ್ಲ, ಕಸ್ತೂರಿಯೂ ಇಲ್ಲ. ಹಳ್ಳಿಯ ಕಾಗುಣಿತದಲ್ಲೇ, ಒಂದೇ ಪದವಾಗಿ ‘ಮೊನಿಮಸ್ಕ್’ ಎಂದಿದೆ.