ಆಂಡೀಸ್ ತಪ್ಪಲಿನ ದ್ರಾಕ್ಷಿ ಸೀಮೆ: ಮೆಂಡೋಸಾ, ಅರ್ಜೆಂಟೀನಾ

ಅರ್ಜೆಂಟೀನಾದ ವೈನ್‌ನಲ್ಲಿ ಮೂರನೇ ಎರಡು ಪಾಲಿಗೂ ಹೆಚ್ಚು ತಯಾರಾಗುವುದು ಮೆಂಡೋಸಾ ಪ್ರಾಂತ್ಯದಲ್ಲಿ. ಆಂಡೀಸ್ ಪರ್ವತದ ಮಳೆನೆರಳಿನ ಈ ಸೀಮೆಗೆ ವರ್ಷಕ್ಕೆ ಸುಮಾರು 200 ಮಿಲಿಮೀಟರ್ ಮಳೆಯಷ್ಟೇ. ಬಳ್ಳಿಗಳಿಗೆ ಆಧಾರ, ಹಿಮ ಕರಗಿ ಹರಿಯುವ ನದಿಗಳು. ಸ್ಪೇನಿನವರು ಬರುವ ಮೊದಲೇ ಇಲ್ಲಿನ ಹುವಾರ್ಪೆ ಜನ ಕಾಲುವೆ ತೋಡಿ ಬೇಸಾಯ ಮಾಡುತ್ತಿದ್ದರು.

16ನೇ ಶತಮಾನದಲ್ಲಿ ಸ್ಪೇನಿನ ವಲಸಿಗರು ದ್ರಾಕ್ಷಿ ತಂದರು. 1853ರಲ್ಲಿ ಫ್ರೆಂಚ್ ಕೃಷಿತಜ್ಞ ಮಿಶೆಲ್ ಪೂಜೆ ಮೆಂಡೋಸಾಕ್ಕೆ ಬಂದು, ಮಾಲ್ಬೆಕ್ ಸೇರಿದಂತೆ ತಮ್ಮ ನಾಡಿನ ತಳಿಗಳನ್ನು ಪರಿಚಯಿಸಿದರು. 1885ರಲ್ಲಿ ರೈಲು ಬಂದಿತು. ಸುಮಾರು ಸಾವಿರ ಕಿಲೋಮೀಟರ್ ದೂರದ ಬ್ಯೂನಸ್ ಐರಿಸ್ ಮಾರುಕಟ್ಟೆ ಕೈಗೆಟುಕಿತು. ಇಟಲಿ, ಸ್ಪೇನ್‌ಗಳಿಂದ ಬಂದ ಕುಟುಂಬಗಳು ಉದ್ಯಮವನ್ನು ವಿಸ್ತರಿಸಿದವು.

ಎತ್ತರದ ಈ ನೆಲದಲ್ಲಿ ಹಗಲಿನ ಪ್ರಖರ ಬಿಸಿಲು ಹಣ್ಣನ್ನು ಮಾಗಿಸಿದರೆ, ರಾತ್ರಿಯ ಚಳಿ ಅದರ ಹುಳಿಯನ್ನು ಉಳಿಸುತ್ತದೆ. ದೇಶದ ಉತ್ತರದ ಸಾಲ್ಟಾ ಪ್ರಾಂತ್ಯದಲ್ಲಂತೂ ಇನ್ನೂ ಮೇಲೆ, 3,000 ಮೀಟರಿಗೂ ಹೆಚ್ಚಿನ ಎತ್ತರದಲ್ಲಿ ತೋಟಗಳಿವೆ. ಮಾಲ್ಬೆಕ್ ಇಂದು ದೇಶದಲ್ಲಿ ಅತಿ ಹೆಚ್ಚು ಬೆಳೆಯುವ ವೈನ್ ದ್ರಾಕ್ಷಿ.