ವಚನವಾಙ್ಮಯವನ್ನು ಉಳಿಸಿದ ಮಹನೀಯರು



ಮಠವೊಂದರ ಮಹೋತ್ಸವಕಾಲದಲ್ಲಿ ಅದರ ಶಿಲಾಮಂಟಪವನ್ನೂ ಪಲ್ಲಕ್ಕಿಯನ್ನೂ ದಾಸೋಹದ ವೈಭವವನ್ನೂ ಕಂಡು ಭಕ್ತರು ಹರ್ಷಪಡುವುದು ಸಹಜವೇ ಸರಿ. ಆದರೆ ಇವೆಲ್ಲಕ್ಕೂ ಪ್ರಾಣಭೂತವಾದುದು ಶಿವಶರಣರ ವಾಣಿ. ಆ ವಾಣಿಯು ಎಂಟು ಶತಮಾನಗಳನ್ನು ದಾಟಿ ನಮ್ಮ ಕೈಗೆ ಬಂದುದಾದರೂ ಹೇಗೆ, ಅದನ್ನು ಹೊತ್ತು ತಂದವರಾದರೂ ಯಾರು ಎಂದು ವಿಚಾರಿಸುವವರು ವಿರಳ. ವಚನಗಳನ್ನು ರಚಿಸಿದವರ ಚರಿತ್ರೆಯು ಪುರಾಣ ರಗಳೆಗಳಲ್ಲಿ ಪ್ರಸಿದ್ಧವಾಗಿರುವುದು. ಅವನ್ನು ಉಳಿಸಿದವರ ಚರಿತ್ರೆಯು ಅಷ್ಟು ಪ್ರಸಿದ್ಧವಾಗಿಲ್ಲ. ಆದಕಾರಣ ಈ ಸ್ಮಾರಕ ಗ್ರಂಥದಲ್ಲಿ ಅಂತಹ ಕೆಲವು ಮಹನೀಯರನ್ನು ಸ್ಮರಿಸುವುದು ಯುಕ್ತವೆಂದು ಭಾವಿಸಿರುತ್ತೇನೆ.

12ನೆಯ ಶತಮಾನದಲ್ಲಿ ಕಲ್ಯಾಣದ ಕ್ರಾಂತಿಯ ತರುವಾಯ ಶರಣರು ದಿಕ್ಕುದಿಕ್ಕಿಗೆ ಚದುರಿದರು. ಚೆನ್ನಬಸವಣ್ಣನವರ ಸಂಗಡ ಉಳವಿಯತ್ತ ನಡೆದವರು ವಚನದ ಕಟ್ಟುಗಳನ್ನು ಜೀವಕ್ಕಿಂತ ಮಿಗಿಲಾಗಿ ಕಾಪಾಡಿಕೊಂಡು ಹೋದರೆಂಬುದು ನಮ್ಮ ಪರಂಪರೆಯ ನಂಬುಗೆ. ಆ ಕಟ್ಟುಗಳು ತಾಡವೋಲೆಯವು. ಓಲೆಯನ್ನು ಹದಮಾಡಿ, ಕಂಠದಿಂದ ಕೊರೆದು, ಕಾಡಿಗೆಯನ್ನು ತೊಡೆದು, ರಂಧ್ರದಲ್ಲಿ ದಾರವನ್ನು ಪೋಣಿಸಿ, ಎರಡು ಹಲಗೆಗಳ ನಡುವೆ ಕಟ್ಟಿಡುವುದು ಅಂದಿನ ಪದ್ಧತಿ. ಇಂತಹ ಓಲೆಗೆ ಗೆದ್ದಲು, ಹುಳು, ತೇವ, ಬೆಂಕಿ ಇವೆಲ್ಲವೂ ಶತ್ರುಗಳು. ಎಷ್ಟು ಜೋಕೆಯಿಂದಿಟ್ಟರೂ ಓಲೆಗೆ ಆಯುಸ್ಸಿನ ಮಿತಿಯುಂಟು. ಹಳೆಯ ಓಲೆಯು ಶಿಥಿಲವಾಗುವ ಮುನ್ನ ಹೊಸ ಓಲೆಗೆ ಪ್ರತಿಮಾಡಿದರೆ ಮಾತ್ರ ಗ್ರಂಥವು ಬದುಕುವುದು. ಒಂದೆರಡು ತಲೆಮಾರು ಈ ಕಾರ್ಯದಲ್ಲಿ ಉದಾಸೀನರಾದರೆ ಗ್ರಂಥವು ಹೇಳಹೆಸರಿಲ್ಲದಂತಾಗುವುದು. ಆದುದರಿಂದ ಇಂದು ನಮ್ಮಲ್ಲಿರುವ ಒಂದೊಂದು ವಚನದ ಹಿಂದೆಯೂ ಹೆಸರು ತಿಳಿಯದ ಲಿಪಿಕಾರರ ಒಂದು ಸಾಲೇ ನಿಂತಿರುವುದೆಂದು ತಿಳಿಯತಕ್ಕದ್ದು.

ಈ ರಕ್ಷಣಕಾರ್ಯದ ಮೊದಲನೆಯ ಮಹಾಯುಗವು 15ನೆಯ ಶತಮಾನ. ವಿಜಯನಗರದಲ್ಲಿ ಪ್ರೌಢದೇವರಾಯನು 1424ರಿಂದ 1446ರ ವರೆಗೆ ಆಳಿದನು. ಆತನ ದಂಡನಾಯಕನಾದ ಲಕ್ಕಣ್ಣ ದಂಡೇಶನು ಖಡ್ಗವನ್ನು ಹಿಡಿದ ಕೈಯಿಂದಲೇ ಕಂಠವನ್ನು ಹಿಡಿದು ‘ಶಿವತತ್ತ್ವಚಿಂತಾಮಣಿ’ಯನ್ನು ರಚಿಸಿ ಶರಣರ ಚರಿತ್ರೆಯನ್ನೂ ತತ್ತ್ವವನ್ನೂ ಒಂದೆಡೆ ಕೂಡಿಸಿದನು. ಚಾಮರಸನ ‘ಪ್ರಭುಲಿಂಗಲೀಲೆ’ಯು ಅದೇ ಕಾಲದ್ದು. ಜಕ್ಕಣಾರ್ಯ, ಮಹಾಲಿಂಗದೇವ ಮೊದಲಾದವರು ಬಿಡಿಬಿಡಿಯಾಗಿದ್ದ ವಚನಗಳನ್ನು ನೂರೊಂದು ಸ್ಥಲಗಳ ಕ್ರಮದಲ್ಲಿ ಜೋಡಿಸಿದರು. ನೂರೊಂದು ವಿರಕ್ತರೆಂದು ಪ್ರಖ್ಯಾತರಾದವರು ಈ ಯುಗದವರೇ. ಶಿವಗಣಪ್ರಸಾದಿ ಮಹಾದೇವಯ್ಯನು ಶರಣರ ವಚನಗಳನ್ನು ಸಂವಾದರೂಪದಲ್ಲಿ ಹೆಣೆದು ‘ಶೂನ್ಯಸಂಪಾದನೆ’ಯನ್ನು ಮೊದಲು ನಿರ್ಮಿಸಿದನು. ಆ ಗ್ರಂಥವನ್ನು ಅನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಇವರು ಒಬ್ಬರಾದ ಮೇಲೊಬ್ಬರು ಪರಿಷ್ಕರಿಸಿದರು. ಎಡೆಯೂರಿನಲ್ಲಿ ಸಮಾಧಿಸ್ಥರಾದ ತೋಂಟದ ಸಿದ್ಧಲಿಂಗೇಶ್ವರರು ತಾವೇ 701 ವಚನಗಳನ್ನು ರಚಿಸಿ, ಶಿಷ್ಯಸಮೂಹಕ್ಕೆ ವಚನಾಧ್ಯಯನದ ದೀಕ್ಷೆಯನ್ನಿತ್ತರು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಈ ಮಹನೀಯರು ವಚನಗಳನ್ನು ಬರಿದೆ ಪ್ರತಿಮಾಡಿ ಸುಮ್ಮನಿರಲಿಲ್ಲ. ಓದಿದರು, ವಿಂಗಡಿಸಿದರು, ಕ್ರಮಗೊಳಿಸಿದರು, ಟೀಕೆಗಳನ್ನು ಬರೆದರು, ಶಿಷ್ಯರಿಗೆ ಪಾಠ ಹೇಳಿದರು. ಅರಸನ ದಂಡನಾಯಕನೂ ನಿಸ್ಪೃಹನಾದ ವಿರಕ್ತನೂ ಒಂದೇ ಕಾರ್ಯದಲ್ಲಿ ಕೈಗೂಡಿಸಿದರು. ಓದುವವರಿದ್ದುದರಿಂದಲೇ ಬರೆಯುವವರಿದ್ದರು. ಈ ಕ್ರಮವು ಸಡಿಲಿದ ಮೇಲೆ ಕಟ್ಟುಗಳು ಮಠದ ಮಾಡುಗಳಲ್ಲಿಯೂ ಗೃಹಸ್ಥರ ಜಗುಲಿಗಳ ಮೇಲೂ ಉಳಿದುವಾದರೂ ಅವನ್ನು ಬಿಚ್ಚಿ ಓದುವವರು ಕಡಿಮೆಯಾದರು. 19ನೆಯ ಶತಮಾನದ ಅಂತ್ಯದಲ್ಲಿ ಕೆಲವು ವಚನಗ್ರಂಥಗಳು ಅಚ್ಚಾದುದು ನಿಜ. ಆದರೆ ಸಮಸ್ತ ಶರಣರ ವಚನಗಳನ್ನೂ ಅರಸಿ ತಂದು ಶೋಧಿಸಿ ಲೋಕದ ಮುಂದಿಡುವ ಕಾರ್ಯವು ಮತ್ತೊಬ್ಬ ಪುರುಷನಿಗಾಗಿ ಕಾದಿತ್ತು.

ಆ ಪುರುಷರೇ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ಇವರು 1880ನೆಯ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರೂ ಲೇಖಕರೂ ಆಗಿದ್ದರು. ಮುಂಬಯಿಯಲ್ಲಿ ಪದವಿಯನ್ನು ಪಡೆದು, ನ್ಯಾಯಶಾಸ್ತ್ರದಲ್ಲಿ ಉತ್ತೀರ್ಣರಾಗಿ, 1904ರ ಸುಮಾರಿಗೆ ವಿಜಾಪುರದಲ್ಲಿ ವಕೀಲಿಯನ್ನು ಕೈಕೊಂಡರು. ಆ ಊರಿನಲ್ಲಿ 1910ರಲ್ಲಿ ಲಿಂಗಾಯತ ವಿದ್ಯಾವರ್ಧಕ ಸಂಘವು, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಸ್ಥಾಪಿತವಾಗುವಲ್ಲಿ ಇವರ ಪರಿಶ್ರಮವು ಪ್ರಧಾನವಾದುದು. ಇಷ್ಟೇ ಮಾಡಿದ್ದರೂ ಇವರ ಹೆಸರು ಆ ಪ್ರಾಂತದಲ್ಲಿ ಉಳಿಯುತ್ತಿತ್ತು. ಆದರೆ ಇವರ ಮನಸ್ಸು ಓಲೆಗಟ್ಟುಗಳಲ್ಲಿ ನೆಟ್ಟಿತ್ತು. ವಕೀಲಿಯ ಬಿಡುವಿನಲ್ಲಿ ಊರೂರು ತಿರುಗಿ, ಮಠಗಳ ಮತ್ತು ಮನೆತನಗಳ ಬಾಗಿಲುಗಳನ್ನು ತಟ್ಟಿ, ಕೊಟ್ಟವರಿಂದ ಕಟ್ಟನ್ನು ತಂದು, ಕೊಡಲೊಲ್ಲದವರಲ್ಲಿ ವಿನಯದಿಂದ ಬೇಡಿ ಪ್ರತಿಮಾಡಿಕೊಂಡರು.

ಓಲೆಯನ್ನು ಓದುವುದು ಎಷ್ಟು ಕಷ್ಟವೆಂಬುದನ್ನು ಪಾಠಶಾಲೆಯಲ್ಲಿ ಅಭ್ಯಾಸ ಮಾಡಿದವರು ಬಲ್ಲರು. ಅದರಲ್ಲಿ ಪದಪದಗಳ ನಡುವೆ ತೆರಪಿಲ್ಲ, ವಿರಾಮಚಿಹ್ನೆಗಳಿಲ್ಲ, ಎಕಾರ ಒಕಾರಗಳ ಹ್ರಸ್ವದೀರ್ಘಭೇದವು ಅನೇಕ ಕಡೆ ತೋರದು. ಅಂಕಿತಗಳ ತೊಡಕು ಬೇರೆ. ಕೂಡಲಸಂಗಮದೇವನೆಂಬುದು ಬಸವಣ್ಣನವರ ಅಂಕಿತ, ಕೂಡಲಚೆನ್ನಸಂಗಮದೇವನೆಂಬುದು ಚೆನ್ನಬಸವಣ್ಣನವರದು. ಲಿಪಿಕಾರನು ಎರಡು ಅಕ್ಷರಗಳನ್ನು ತಪ್ಪಿಸಿದರೆ ಅಳಿಯನ ವಚನವು ಮಾವನದಾಗುವುದು. ಇಂತಹ ಸ್ಥಳಗಳಲ್ಲಿ ಹಲವು ಪ್ರತಿಗಳನ್ನು ಎದುರಿಟ್ಟು ನೋಡದೆ ನಿರ್ಣಯಿಸಲು ಬಾರದು. ನ್ಯಾಯಾಲಯದಲ್ಲಿ ಸಾಕ್ಷಿಗಳನ್ನು ಒಂದರೊಡನೊಂದು ತಾಳೆ ನೋಡುವ ಅಭ್ಯಾಸವಿದ್ದ ಈ ಮಹನೀಯರಿಗೆ ಅದೇ ವಿವೇಕವು ಇಲ್ಲಿಯೂ ಸಹಾಯಕವಾಯಿತೆಂದರೆ ತಪ್ಪಾಗದು.

1922ರಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಬಸವಣ್ಣನವರ ವಚನಗಳ ಇವರ ಆಂಗ್ಲಾನುವಾದವು ಪ್ರಕಟವಾಯಿತು. ಮರುವರ್ಷ, ಎಂದರೆ 1923ರಲ್ಲಿ, ‘ವಚನಶಾಸ್ತ್ರಸಾರ’ದ ಪ್ರಥಮ ಭಾಗವು ಹೊರಬಿದ್ದಿತು. ಇದರ ಹಸ್ತಪ್ರತಿಯನ್ನು ಮೊದಲು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳುಹಿಸಿದ್ದರೆಂದೂ, ಅಲ್ಲಿ ಅಚ್ಚಾಗದೆ ಹಿಂದಿರುಗಿತೆಂದೂ, ಕೊನೆಗೆ ಬೆಳಗಾವಿಯಲ್ಲಿ ಮುದ್ರಿತವಾಯಿತೆಂದೂ ಇವರ ಚರಿತ್ರಕಾರರು ಹೇಳುವರು. ಪರರ ಯಂತ್ರವನ್ನು ನಂಬಿದರೆ ಕಾರ್ಯವು ಸಾಗದೆಂದು ಮನಗಂಡು 1925ರಲ್ಲಿ ವಿಜಾಪುರದಲ್ಲಿಯೇ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. ಅದಕ್ಕಾಗಿ ಸ್ವಂತ ಮನೆಯನ್ನೇ ಮಾರಿ, ಬಾಡಿಗೆಯ ಮನೆಯಲ್ಲಿ ಬಾಳಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆಯನ್ನೂ ಆರಂಭಿಸಿದರು. ‘ಶಿವಾನುಭವ’ವನ್ನು ಮೂರು ದಶಕಗಳಿಗೂ ಮಿಕ್ಕಿ ನಡೆಸಿದರು. ಹರಿಹರನ ರಗಳೆಗಳನ್ನೂ, 1930ರಲ್ಲಿ ‘ಶೂನ್ಯಸಂಪಾದನೆ’ಯನ್ನೂ ಬೆಳಕಿಗೆ ತಂದರು. 1926ರಲ್ಲಿ ಬಳ್ಳಾರಿಯಲ್ಲಿ ಸೇರಿದ ಸಾಹಿತ್ಯ ಸಮ್ಮೇಲನದ ಅಧ್ಯಕ್ಷತೆಯನ್ನೂ, 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟನ್ನೂ ನಾಡು ಇವರಿಗೆ ಸಲ್ಲಿಸಿತು. 1964ನೆಯ ಜೂನ್ 29ರಂದು ಇವರು ಲಿಂಗೈಕ್ಯರಾದರು. ‘ವಚನಪಿತಾಮಹ’ರೆಂಬ ಬಿರುದು ಜನರ ಬಾಯಿಂದ ಬಂದುದು, ಅದು ಎಲ್ಲ ಪದವಿಗಳಿಗಿಂತ ದೊಡ್ಡದು.

ಇದೇ ಕಾಲದಲ್ಲಿ ಮಠಗಳೂ ಎಚ್ಚತ್ತುವು. ಹಾನಗಲ್ಲ ಕುಮಾರ ಮಹಾಸ್ವಾಮಿಗಳು (1867–1930) 1909ರಲ್ಲಿ ಮಲಪ್ರಭೆಯ ದಡದಲ್ಲಿ ಬಾದಾಮಿಯ ಸಮೀಪ ಶಿವಯೋಗಮಂದಿರವನ್ನು ಸ್ಥಾಪಿಸಿ, ಮಠಾಧಿಪತಿಗಳಾಗತಕ್ಕ ವಟುಗಳಿಗೆ ಶಾಸ್ತ್ರವನ್ನೂ ಯೋಗವನ್ನೂ ಕಲಿಸಿದರು. ತಾಡವೋಲೆಗಳ ಸಂಗ್ರಹಕ್ಕೂ ಅಲ್ಲಿ ಎಡೆಮಾಡಿದರು. ವಿದ್ವಾಂಸನಿಲ್ಲದ ಮಠವು ದೀಪವಿಲ್ಲದ ಗರ್ಭಗುಡಿಯಂತೆ ಎಂಬುದನ್ನು ಅವರು ಕಾರ್ಯದಿಂದ ತೋರಿಸಿಕೊಟ್ಟರು. ಮುಂದೆ ಶಿ. ಶಿ. ಬಸವನಾಳರಂತಹ ಸಂಪಾದಕರು ಇನ್ನಷ್ಟು ಪ್ರತಿಗಳನ್ನು ಕಂಡು ಪಾಠಗಳನ್ನು ತಿದ್ದಿದರು. 1993ರಲ್ಲಿ ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನಸಾಹಿತ್ಯವನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ಅವುಗಳಲ್ಲಿ 20,000ಕ್ಕೂ ಮಿಕ್ಕ ವಚನಗಳು ಸೇರಿರುವುವು. ಮೊದಲಿಗರ ಕೃತಿಯಲ್ಲಿ ಹಿಂದಿನಿಂದ ಬಂದವರು ಪಾಠದೋಷಗಳನ್ನು ಕಂಡರೆ ಅದು ಮೊದಲಿಗರಿಗೆ ಕುಂದಲ್ಲ. ಕಾಡನ್ನು ಕಡಿದು ದಾರಿಮಾಡಿದವನ ಕೆಲಸ ಬೇರೆ, ಆ ದಾರಿಯನ್ನು ಸಮಗೊಳಿಸುವವನ ಕೆಲಸ ಬೇರೆ, ಎರಡೂ ಬೇಕು.

ವಚನವನ್ನು ಅಚ್ಚಿಗೆ ಕೊಟ್ಟರೆ ಅನಧಿಕಾರಿಗಳ ಕೈಗೆ ಸಿಲುಕೀತೆಂಬ ಶಂಕೆಯು ಕೆಲವರಲ್ಲಿ ಇದ್ದೀತು. ವಿಚಾರಿಸಿದರೆ ಈ ಶಂಕೆ ನಿಲ್ಲದು. ಶರಣರು ನುಡಿದುದು ಕನ್ನಡದಲ್ಲಿ. ನುಡಿದವರಲ್ಲಿ ಅಂಬಿಗನುಂಟು, ಮಡಿವಾಳನುಂಟು, ಹೆಣ್ಣುಮಕ್ಕಳುಂಟು. ಎಲ್ಲರಿಗೂ ತಿಳಿಯಲೆಂದೇ ನುಡಿದ ಮಾತನ್ನು ಬಟ್ಟೆಯಲ್ಲಿ ಸುತ್ತಿ ಬಚ್ಚಿಡುವುದು ಆ ನುಡಿಗೆ ಸಲ್ಲಿಸುವ ಗೌರವವೆಂತಾದೀತು? ಗಂಧಾಕ್ಷತೆಗಳಿಂದ ಪೂಜಿತವಾದ ಕಟ್ಟು ಗೆದ್ದಲಿಗೆ ಆಹಾರವಾದುದುಂಟು. ಓದಿಸಿಕೊಂಡ ಕಟ್ಟು ನೂರು ಮನೆಗಳಲ್ಲಿ ಮತ್ತೆ ಹುಟ್ಟಿ ಬಾಳಿದುದುಂಟು. ಪ್ರೌಢದೇವರಾಯನ ಕಾಲದ ವಿರಕ್ತರೂ ವಿಜಾಪುರದ ವಕೀಲರೂ ನಮಗೆ ಕಲಿಸಿದ ಪಾಠವು ಇದೊಂದೇ.

ಭಕ್ತಮಹಾಶಯರೇ, ಎಲ್ಲ ವಚನಗಳೂ ದೊರೆತು ಮುಗಿದುವೆಂದು ತಿಳಿಯಬೇಡಿರಿ. ಹಳೆಯ ಮನೆತನಗಳ ದೇವರಕೋಣೆಯಲ್ಲಿ, ಅಟ್ಟದ ಮೇಲೆ, ಕೆಂಪು ವಸ್ತ್ರದಲ್ಲಿ ಸುತ್ತಿದ ಕಟ್ಟುಗಳು ಇನ್ನೂ ಇದ್ದಾವು. ಅವುಗಳಲ್ಲಿ ಲೆಕ್ಕಪತ್ರವಿದ್ದೀತು, ವೈದ್ಯವಿದ್ದೀತು, ಅಥವಾ ಇದುವರೆಗೆ ಯಾರೂ ಕಾಣದ ಶರಣನೊಬ್ಬನ ನುಡಿಯೂ ಇದ್ದೀತು. ಬಿಚ್ಚಿ ನೋಡುವವರೆಗೆ ಅದು ತಿಳಿಯದು. ಅಂತಹ ಕಟ್ಟನ್ನು ಹೊಳೆಗೆ ಬಿಡದೆ, ಕಸಕ್ಕೆ ಹಾಕದೆ, ಶ್ರೀಮಠಕ್ಕೆ ಒಮ್ಮೆ ತೋರಿಸಿರಿ. ಓಲೆಯನ್ನು ಕೊಡಲೇಬೇಕೆಂಬ ನಿರ್ಬಂಧವಿಲ್ಲ. ಇಂದಿನ ಯಂತ್ರಗಳಿಂದ ಅದರ ಛಾಯಾಪ್ರತಿಯನ್ನು ತೆಗೆದುಕೊಂಡು ಮೂಲವನ್ನು ಮನೆಗೇ ಹಿಂದಿರುಗಿಸಬಹುದು. ಹಿಂದಿನವರು ಮನೆಯನ್ನು ಮಾರಿ ಮಾಡಿದ ಕಾರ್ಯವನ್ನು ನಾವು ಕಟ್ಟಿನ ಗಂಟನ್ನು ಬಿಚ್ಚಿ ಮುಂದುವರಿಸಬಹುದಾಗಿರುವುದು. ಇಷ್ಟನ್ನಾದರೂ ಮಾಡಿದಲ್ಲಿ ಈ ಮಹೋತ್ಸವವು ಸಾರ್ಥಕವಾಗುವುದು. ವಚನವನ್ನು ಉಳಿಸಿದ ಆ ಸಮಸ್ತ ಮಹನೀಯರಿಗೆ, ಹೆಸರುಳ್ಳವರಿಗೂ ಹೆಸರಿಲ್ಲದವರಿಗೂ, ಶರಣು ಶರಣಾರ್ಥಿ.